ಲೆಕ್ಕಕ್ಕೆ ಸಿಗದ ಕಪ್ಪುಕುಳಿಗಳು: ತಪ್ಪಿದ್ದು ಬಿಗ್ ಬ್ಯಾಂಗೋ, ನಮ್ಮ ತಲೆಬರಹಗಳೋ?

ಹೋದ ತಿಂಗಳು ಊರಿಗೆ ಹೋಗಿದ್ದಾಗ ಅಣ್ಣನ ಮಗಳು ಮೊಬೈಲ್ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತಳು. ದ್ವಿತೀಯ ಪಿಯುಸಿ, ಸೈನ್ಸು. ಕ್ಲಾಸಿನ ಗ್ರೂಪಿನಲ್ಲಿ ಯಾರೋ ಹಾಕಿದ್ದ ವಿಡಿಯೋ ಅದು. 'ಬಿಗ್ ಬ್ಯಾಂಗ್ ಸುಳ್ಳು, ಜೇಮ್ಸ್ ವೆಬ್ ನೋಡಿದ್ದಕ್ಕೆ ವಿಜ್ಞಾನಿಗಳೇ ಶಾಕ್' ಅಂತ ತಲೆಬರಹ. "ಚಿಕ್ಕಪ್ಪ, ಇದು ನಿಜವಾ? ಹಂಗಾದ್ರೆ ನಾವು ಓದ್ತಾ ಇರೋದೆಲ್ಲ ಸುಳ್ಳಾ?" ಅಂದಳು. ನಾನು ಬಾಯಿ ಬಿಡುವ ಮೊದಲೇ ಅಣ್ಣ ಪೇಪರಿನಿಂದ ತಲೆ ಎತ್ತದೆ ಹೇಳಿದ: "ಇವತ್ತೊಂದು ಹೇಳ್ತಾರೆ, ನಾಳೆ ಇನ್ನೊಂದು ಹೇಳ್ತಾರೆ. ಅವರಿಗೇ ಗೊತ್ತಿಲ್ಲ, ಬಿಡು."

ಈ ಮಾತು ಅಣ್ಣನೊಬ್ಬನದಲ್ಲ. ಜೇಮ್ಸ್ ವೆಬ್ ದೂರದರ್ಶಕ 2022ರ ಜುಲೈನಲ್ಲಿ ತನ್ನ ಮೊದಲ ಚಿತ್ರಗಳನ್ನು ಕಳಿಸಿದಾಗಿನಿಂದ ಇಂಥ ತಲೆಬರಹಗಳ ಸುರಿಮಳೆಯೇ ಆಗಿದೆ. ಅವುಗಳ ಬುಡದಲ್ಲಿ ಒಂದು ನಿಜವಾದ ಒಗಟು ಇದೆ ಅನ್ನುವುದನ್ನು ಒಪ್ಪಿಕೊಳ್ಳಬೇಕು. ವಿಶ್ವ ಇನ್ನೂ ಎಳೆಯದಾಗಿದ್ದಾಗಲೇ, ಇರಬಾರದಷ್ಟು ದೊಡ್ಡ ಕಪ್ಪುಕುಳಿಗಳು ಅಲ್ಲಿದ್ದವು. ಅವು ಹೇಗೆ ಹುಟ್ಟಿದವು ಅನ್ನುವುದಕ್ಕೆ ಇವತ್ತಿಗೂ ಎಲ್ಲರೂ ಒಪ್ಪುವ ಉತ್ತರವಿಲ್ಲ. ಆದರೆ 'ಇನ್ನೂ ಗೊತ್ತಾಗಿಲ್ಲ' ಅನ್ನುವುದಕ್ಕೂ 'ಹೇಳಿದ್ದೆಲ್ಲ ಸುಳ್ಳು' ಅನ್ನುವುದಕ್ಕೂ ಅಜಗಜಾಂತರವಿದೆ. ನಾನು ವಿಜ್ಞಾನಿಯಲ್ಲ, ಬಿಎಸ್ಸಿ ಓದಿ ಪತ್ರಿಕೆಗೆ ಬಂದವನು. ಆ ಅಂತರ ಎಷ್ಟು ದೊಡ್ಡದು ಅಂತ ಹೇಳುವುದಕ್ಕೆ ಅಷ್ಟು ಸಾಕು ಅಂದುಕೊಂಡಿದ್ದೇನೆ.

ಎಲ್‌ಕೆಜಿ ಮಗುವಿಗೆ ನೂರು ಕೆಜಿ ತೂಕ

ಪಠ್ಯಪುಸ್ತಕದಲ್ಲಿ ಬರುವ ಕಪ್ಪುಕುಳಿಯ ಕಥೆ ಸರಳ. ಸೂರ್ಯನಿಗಿಂತ ಇಪ್ಪತ್ತು ಮೂವತ್ತು ಪಟ್ಟು ಭಾರದ ನಕ್ಷತ್ರವೊಂದರ ಇಂಧನ ಮುಗಿಯುತ್ತದೆ, ಒಡಲು ತನ್ನದೇ ಭಾರಕ್ಕೆ ಕುಸಿಯುತ್ತದೆ, ಬೆಳಕೂ ತಪ್ಪಿಸಿಕೊಳ್ಳಲಾಗದ ಕುಳಿ ಉಳಿಯುತ್ತದೆ. ಇಂಥವು ಸಾಮಾನ್ಯವಾಗಿ ಐದಾರು ಸೂರ್ಯರಿಂದ ನೂರರ ಆಸುಪಾಸಿನವರೆಗೆ ತೂಗುತ್ತವೆ.

ಗ್ಯಾಲಕ್ಸಿಗಳ ನಡುಮಧ್ಯದಲ್ಲಿ ಕೂತಿರುವ ದೈತ್ಯರ ಕಥೆ ಬೇರೆ. ನಮ್ಮ ಆಕಾಶಗಂಗೆಯ ಕೇಂದ್ರದಲ್ಲಿರುವುದು ಸುಮಾರು 43 ಲಕ್ಷ ಸೂರ್ಯರಷ್ಟು ಭಾರ. ಅದರ ಸುತ್ತ ಗಿರಕಿ ಹೊಡೆಯುವ ನಕ್ಷತ್ರಗಳನ್ನು ವರ್ಷಗಟ್ಟಲೆ ಕಾದು ನೋಡಿ ಅಳೆದವರಿಗೆ 2020ರ ನೊಬೆಲ್ ಸಿಕ್ಕಿತು. 2019ರಲ್ಲಿ ನಾವೆಲ್ಲ ಫೋಟೋ ನೋಡಿದ ಎಂ87 ಗ್ಯಾಲಕ್ಸಿಯ ಕಪ್ಪುಕುಳಿ 650 ಕೋಟಿ ಸೂರ್ಯರಷ್ಟು. ಇಂಥವು ಇವೆ ಅನ್ನುವುದರಲ್ಲಿ ಈಗ ಯಾರಿಗೂ ಅನುಮಾನವಿಲ್ಲ.

ಅನುಮಾನ ಇರುವುದು ಅವು ಇಷ್ಟು ಬೇಗ ಹೇಗೆ ಬೆಳೆದವು ಅನ್ನುವುದರ ಬಗ್ಗೆ. ದೂರದಿಂದ ಬರುವ ಬೆಳಕು ಹಳೆಯ ಬೆಳಕು; ಹಾಗಾಗಿ ದೂರ ನೋಡುವುದೆಂದರೆ ಹಿಂದಿನ ಕಾಲವನ್ನು ನೋಡುವುದು. 2021ರಲ್ಲಿ ಪ್ರಕಟವಾದ ಜೆ0313-1806 ಎಂಬ ಕ್ವೇಸಾರ್ ವಿಶ್ವಕ್ಕೆ ಕೇವಲ 67 ಕೋಟಿ ವರ್ಷ ವಯಸ್ಸಾಗಿದ್ದಾಗಿನದು. ಆಗಲೇ ಅದರ ಒಡಲಲ್ಲಿದ್ದ ಕಪ್ಪುಕುಳಿ 160 ಕೋಟಿ ಸೂರ್ಯರಷ್ಟು ತೂಗುತ್ತಿತ್ತು. ವಿಶ್ವದ ಇವತ್ತಿನ ವಯಸ್ಸು ಸುಮಾರು 1,380 ಕೋಟಿ ವರ್ಷ. ಎಂಬತ್ತು ವರ್ಷದ ಅಜ್ಜಿಯ ಆಯಸ್ಸಿಗೆ ಇದನ್ನು ಇಳಿಸಿ ನೋಡಿದರೆ, ಅದು ಅಜ್ಜಿಗೆ ನಾಲ್ಕು ವರ್ಷವಾಗಿದ್ದಾಗಿನ ಫೋಟೋ. ಎಲ್‌ಕೆಜಿಗೆ ಹೋಗುವ ಮಗು ನೂರು ಕೆಜಿ ತೂಗಿದರೆ ಮನೆಯವರಿಗೆ ಏನನ್ನಿಸಬಹುದೋ, ಖಗೋಳ ವಿಜ್ಞಾನಿಗಳಿಗೂ ಅದೇ ಅನ್ನಿಸಿತು.

"ತಿಂದು ತಿಂದು ದಪ್ಪ ಆಗಿರಬಹುದಲ್ಲ?" ಅಂದಳು ಹುಡುಗಿ. ಸರಿಯಾದ ಪ್ರಶ್ನೆ. ಆದರೆ ಕಪ್ಪುಕುಳಿಯ ಊಟಕ್ಕೂ ಒಂದು ಮಿತಿಯಿದೆ. ಒಳಗೆ ಬೀಳುವ ಅನಿಲ ಸುತ್ತುತ್ತಾ ಕಾದು ಕೆಂಡವಾಗಿ ಬೆಳಕು ಉಗುಳುತ್ತದೆ. ಆ ಬೆಳಕಿನ ಒತ್ತಡವೇ ಹಿಂದೆ ಬರುವ ಅನಿಲವನ್ನು ಹೊರಕ್ಕೆ ತಳ್ಳುತ್ತದೆ. ಒಳಸೆಳೆತ, ಹೊರತಳ್ಳು ಎರಡೂ ಸಮವಾಗುವ ಗೆರೆಗೆ ಎಡಿಂಗ್‌ಟನ್ ಮಿತಿ ಅಂತ ಹೆಸರು. ಆ ಗೆರೆಯನ್ನು ದಾಟದೆ, ಒಂದು ದಿನವೂ ಉಪವಾಸ ಬೀಳದೆ ತಿಂದರೂ ಕಪ್ಪುಕುಳಿಯ ತೂಕ ಇಮ್ಮಡಿಯಾಗಲು ಸುಮಾರು 3.5 ಕೋಟಿ ವರ್ಷ ಬೇಕು.

ಇನ್ನುಳಿದದ್ದು ಚಕ್ರಬಡ್ಡಿಯ ಲೆಕ್ಕ. ಮೊಬೈಲಿನ ಕ್ಯಾಲ್ಕುಲೇಟರ್ ತೆಗೆ ಅಂದೆ. ಮೊದಲ ನಕ್ಷತ್ರಗಳು ಹುಟ್ಟಿ ಸಾಯಲು 10 ಕೋಟಿ ವರ್ಷ ಬಿಡು. ಉಳಿದದ್ದು 57 ಕೋಟಿ. ಅಷ್ಟರಲ್ಲಿ ಹದಿನಾರು ಸಲ ಇಮ್ಮಡಿಯಾಗಬಹುದು. ನೂರು ಸೂರ್ಯರ ಅಸಲಿನಿಂದ ಶುರು ಮಾಡಿದರೆ? ಅವಳು ಒತ್ತಿ ಒತ್ತಿ ಹೇಳಿದಳು: "65 ಲಕ್ಷ." ಬೇಕಾಗಿರುವುದು 160 ಕೋಟಿ. ಇನ್ನೂರರಲ್ಲಿ ಒಂದು ಪಾಲೂ ಆಗಲಿಲ್ಲ. ಅಸಲು ಒಂದು ಲಕ್ಷ ಸೂರ್ಯರು ಅಂತ ಇಟ್ಟುಕೋ ಅಂದೆ. ಹದಿನಾಲ್ಕೇ ಸಲಕ್ಕೆ 163 ಕೋಟಿ ದಾಟಿತು. ಅಂದರೆ 49 ಕೋಟಿ ವರ್ಷದಲ್ಲಿ ಲೆಕ್ಕ ಚುಕ್ತಾ.

ಒಗಟಿನ ತಿರುಳು ಇಷ್ಟೇ. ಬಡ್ಡಿ ದರ ಜಾಸ್ತಿ ಇತ್ತೋ, ಅಸಲೇ ದೊಡ್ಡದಿತ್ತೋ? ಬಿಗ್ ಬ್ಯಾಂಗ್ ನಡೆಯಿತೋ ಇಲ್ಲವೋ ಅನ್ನುವ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ. 67 ಕೋಟಿ ವರ್ಷ ಅನ್ನುವ ಸಂಖ್ಯೆ ಸಿಕ್ಕಿರುವುದೇ ವಿಶ್ವ ಹಿಗ್ಗುತ್ತಿದೆ ಅನ್ನುವ ತಿಳಿವಳಿಕೆಯಿಂದ. ಅದನ್ನು ಕಿತ್ತುಹಾಕಿದರೆ ಒಗಟೂ ಇರುವುದಿಲ್ಲ.

ಹಗುರ ಬೀಜ, ಭಾರದ ಬೀಜ

ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಅಂತಾರಲ್ಲ, ವಿಜ್ಞಾನಿಗಳೂ ಈಗ ಮೊಳಕೆಯನ್ನೇ ಹುಡುಕುತ್ತಿದ್ದಾರೆ. ಅವರ ಭಾಷೆಯಲ್ಲಿ ಅದು 'ಬೀಜ'.

ಮೊದಲ ನಕ್ಷತ್ರಗಳು ಸತ್ತು ಉಳಿದ ನೂರಿನ್ನೂರು ಸೂರ್ಯರ ಕುಳಿ ಹಗುರ ಬೀಜ. ಇದು ಬೆಳೆಯಬೇಕಾದರೆ ಎಡಿಂಗ್‌ಟನ್ ಗೆರೆ ದಾಟಿ ತಿನ್ನಬೇಕು. ಹಾಗೆ ತಿನ್ನುವವು ಇವೆಯಾ? ಇವೆ. 2024ರ ನವೆಂಬರ್‌ನಲ್ಲಿ ಪ್ರಕಟವಾದ ಎಲ್‌ಐಡಿ-568 ಎಂಬ ಕಪ್ಪುಕುಳಿ ಮಿತಿಯ ಸುಮಾರು ನಲವತ್ತು ಪಟ್ಟು ವೇಗದಲ್ಲಿ ತಿನ್ನುತ್ತಿರುವುದು ಕಂಡುಬಂತು. ಆದರೆ ಇಂಥ ಬಕಾಸುರನ ಊಟ ಎಷ್ಟು ಕಾಲ ನಡೆದೀತು, ಆ ಕಾಲದ ಪುಟ್ಟ ಗ್ಯಾಲಕ್ಸಿಗಳಲ್ಲಿ ಅಷ್ಟು ಅನಿಲ ಎಲ್ಲಿತ್ತು ಅನ್ನುವುದು ಇನ್ನೂ ವಾದದಲ್ಲಿದೆ.

ಭಾರದ ಬೀಜದ ಕಥೆ ಹೀಗಿದೆ. ಬೆಲ್ಲದ ಪಾಕ ಆರುತ್ತಾ ಬಂದರೆ ಗಂಟುಗಂಟಾಗುತ್ತದೆ, ಬಿಸಿಯಿದ್ದಷ್ಟು ಹೊತ್ತು ಒಂದೇ ಸಮ ಹರಿಯುತ್ತದೆ. ಅನಿಲದ ಮೋಡವೂ ಹೆಚ್ಚೂಕಡಿಮೆ ಹಾಗೇ. ತಣ್ಣಗಾದರೆ ತುಂಡುತುಂಡಾಗಿ ಒಡೆದು ಸಾವಿರಾರು ನಕ್ಷತ್ರಗಳಾಗುತ್ತದೆ. ಮೊದಲ ಕಾಲದ ಅನಿಲವನ್ನು ತಣ್ಣಗಾಗಿಸುತ್ತಿದ್ದದ್ದು ಜಲಜನಕದ ಅಣುಗಳು. ಪಕ್ಕದ ಗ್ಯಾಲಕ್ಸಿಯೊಂದರ ನೇರಳಾತೀತ ಬೆಳಕು ಬಿದ್ದು ಆ ಅಣುಗಳು ಒಡೆದುಹೋದರೆ ಮೋಡ ಆರುವುದಿಲ್ಲ, ಒಡೆಯುವುದೂ ಇಲ್ಲ. ಇಡೀ ಮೋಡ ಒಂದೇ ಮುದ್ದೆಯಾಗಿ ಕುಸಿದು ಹತ್ತು ಸಾವಿರದಿಂದ ಲಕ್ಷ ಸೂರ್ಯರಷ್ಟು ಭಾರದ ಕಪ್ಪುಕುಳಿ ನೇರವಾಗಿ ಹುಟ್ಟಬಹುದು. ಇದಕ್ಕೆ ನೇರ ಕುಸಿತ ಅನ್ನುತ್ತಾರೆ.

ನಡುವಿನ ದಾರಿಯೂ ಒಂದಿದೆ. ಕಿಕ್ಕಿರಿದ ನಕ್ಷತ್ರಗುಚ್ಛದಲ್ಲಿ ನಕ್ಷತ್ರಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಕೂಡಿಕೊಂಡು ಸಾವಿರಾರು ಸೂರ್ಯರ ಕುಳಿಯಾಗುವುದು. ಇನ್ನೊಂದು ದೂರದ ಊಹೆ, ನಕ್ಷತ್ರಗಳೇ ಇಲ್ಲದ ಮಹಾಸ್ಫೋಟದ ಮೊದಲ ಕ್ಷಣಗಳಲ್ಲೇ ಕಪ್ಪುಕುಳಿಗಳು ಹುಟ್ಟಿದ್ದವು ಅನ್ನುವುದು. ಸ್ಟೀಫನ್ ಹಾಕಿಂಗ್ 1971ರಲ್ಲೇ ಇದರ ಬಗ್ಗೆ ಬರೆದಿದ್ದರು.

ಮೊದಲೇ ಹೇಳಿ ಆಮೇಲೆ ಹುಡುಕಿದ್ದು

ಊಹೆ ಯಾರು ಬೇಕಾದರೂ ಮಾಡಬಹುದು. ತಪ್ಪಾದರೆ ಎಲ್ಲಿ ತಪ್ಪಾಗುತ್ತದೆ ಅಂತ ಮೊದಲೇ ಬರೆದಿಡುವುದು ಕಷ್ಟ. ಇಲ್ಲಿ ನಾನು ಹೇಳಲೇಬೇಕಾದ ಹೆಸರು ಪ್ರಿಯಂವದಾ ನಟರಾಜನ್. ಕೊಯಮತ್ತೂರಿನಲ್ಲಿ ಹುಟ್ಟಿ, ದೆಹಲಿಯಲ್ಲಿ ಬೆಳೆದು, ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿ. ಭಾರದ ಬೀಜದ ಬಗ್ಗೆ 2006ರಿಂದಲೇ ಬರೆಯುತ್ತಾ ಬಂದವರು.

2017ರಲ್ಲಿ, ಜೇಮ್ಸ್ ವೆಬ್ ಇನ್ನೂ ನೆಲದ ಮೇಲಿದ್ದಾಗಲೇ, ಅವರೂ ಸಹೋದ್ಯೋಗಿಗಳೂ ಒಂದು ಗುರುತು ಕೊಟ್ಟಿದ್ದರು. ನಮ್ಮ ಸುತ್ತಲಿನ ಗ್ಯಾಲಕ್ಸಿಗಳಲ್ಲಿ ಕಪ್ಪುಕುಳಿಯ ತೂಕ ನಕ್ಷತ್ರಗಳ ಒಟ್ಟು ತೂಕದ ಸಾವಿರದಲ್ಲಿ ಒಂದು ಪಾಲಿನ ಆಸುಪಾಸು. ಬೀಜ ಭಾರವಾಗಿದ್ದರೆ, ಆರಂಭದಲ್ಲಿ ಎರಡೂ ಹೆಚ್ಚೂಕಡಿಮೆ ಸಮ ತೂಗುವ ಗ್ಯಾಲಕ್ಸಿಗಳು ಸಿಗಬೇಕು. ಅವು ಅತಿಗೆಂಪು ಬೆಳಕಿನಲ್ಲೂ ಎಕ್ಸ್-ರೇಯಲ್ಲೂ ಹೀಗೆ ಹೀಗೆ ಕಾಣಬೇಕು.

ಆರು ವರ್ಷದ ನಂತರ, 2023ರ ನವೆಂಬರ್‌ನಲ್ಲಿ, ಆಕೋಶ್ ಬೊಗ್ದಾನ್ ನೇತೃತ್ವದ ತಂಡ ಯುಎಚ್‌ಝಡ್1 ಎಂಬ ಗ್ಯಾಲಕ್ಸಿಯ ವಿವರ ಪ್ರಕಟಿಸಿತು. ಹುಡುಕಿದ ಕ್ರಮವೇ ಸ್ವಾರಸ್ಯಕರ. ಅಬೆಲ್ 2744 ಎಂಬುದು ನೂರಾರು ಗ್ಯಾಲಕ್ಸಿಗಳ ಗುಂಪು. ಅದರ ಗುರುತ್ವ ತನ್ನ ಹಿಂದಿನಿಂದ ಬರುವ ಬೆಳಕನ್ನು ಬಾಗಿಸಿ ಭೂತಗನ್ನಡಿಯ ಹಾಗೆ ಕೆಲಸ ಮಾಡುತ್ತದೆ. ಆ ಕನ್ನಡಿಯ ಮೂಲಕ ಜೇಮ್ಸ್ ವೆಬ್ ಗ್ಯಾಲಕ್ಸಿಯ ನಕ್ಷತ್ರಗಳನ್ನು ಕಂಡಿತು. ಚಂದ್ರಾ ಎಕ್ಸ್-ರೇ ದೂರದರ್ಶಕ ಎರಡು ವಾರದಷ್ಟು ಹೊತ್ತು ಅದೇ ಜಾಗವನ್ನು ದಿಟ್ಟಿಸಿ, ಕಾದ ಅನಿಲದಿಂದ ಬಂದ ಬೆರಳೆಣಿಕೆಯ ಎಕ್ಸ್-ರೇ ಕಣಗಳನ್ನು ಹಿಡಿಯಿತು. ವಿಶ್ವಕ್ಕೆ ಆಗ 47 ಕೋಟಿ ವರ್ಷ. ಕಪ್ಪುಕುಳಿಯ ಅಂದಾಜು ತೂಕ ಒಂದರಿಂದ ಹತ್ತು ಕೋಟಿ ಸೂರ್ಯರು, ಗ್ಯಾಲಕ್ಸಿಯ ಎಲ್ಲ ನಕ್ಷತ್ರಗಳ ತೂಕಕ್ಕೆ ಹೆಚ್ಚೂಕಡಿಮೆ ಸಮ.

ಇದರಿಂದ ಭಾರದ ಬೀಜದ ವಾದ ಗೆದ್ದಂತಾಯಿತಾ? ಇಲ್ಲ. ಒಂದು ಗ್ಯಾಲಕ್ಸಿ ಒಂದು ಸಾಕ್ಷಿ ಅಷ್ಟೇ. ಅದೂ ಅಂದಾಜಿನ ತೂಕ.

ತಕ್ಕಡಿಯೇ ಸರಿಯಿದೆಯಾ?

ಜೇಮ್ಸ್ ವೆಬ್ ತಂದ ಇನ್ನೊಂದು ತಲೆನೋವು 'ಪುಟ್ಟ ಕೆಂಪು ಚುಕ್ಕೆಗಳು'. ವಿಶ್ವಕ್ಕೆ 60ರಿಂದ 150 ಕೋಟಿ ವರ್ಷವಾಗಿದ್ದ ಕಾಲದ ಚಿತ್ರಗಳಲ್ಲಿ ನೂರಾರು ಸಂಖ್ಯೆಯಲ್ಲಿ ಇವು ಕಾಣಿಸಿಕೊಂಡವು. ಹಳೆಯ ದೂರದರ್ಶಕಗಳಿಗೆ ಇವು ಕಂಡೇ ಇರಲಿಲ್ಲ. ಇವುಗಳ ರೋಹಿತದಲ್ಲಿ ಜಲಜನಕದ ಗೆರೆ ತೆಳ್ಳಗಿರುವ ಬದಲು ಅಗಲವಾಗಿ ಹರಡಿಕೊಂಡಿದೆ. ಅನಿಲ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಸುತ್ತಿದರೆ ಹೀಗಾಗುತ್ತದೆ. ಗೆರೆಯ ಅಗಲದಿಂದ ವೇಗ, ವೇಗದಿಂದ ಕಪ್ಪುಕುಳಿಯ ತೂಕ. ದೂರದ ಕಪ್ಪುಕುಳಿಗಳನ್ನು ತೂಗುವ ತಕ್ಕಡಿ ಬಹುಪಾಲು ಇದೇ.

ಆದರೆ ಕಪ್ಪುಕುಳಿ ಇದ್ದರೆ ಎಕ್ಸ್-ರೇ ಬರಬೇಕಲ್ಲ? ಈ ಚುಕ್ಕೆಗಳಲ್ಲಿ ಬಹಳಷ್ಟರಿಂದ ಬರುತ್ತಲೇ ಇಲ್ಲ. ಹಾಗಾದರೆ ಕಪ್ಪುಕುಳಿ ದಟ್ಟ ಅನಿಲದ ಕಂಬಳಿ ಹೊದ್ದು ಕೂತಿರಬೇಕು ಅನ್ನುವ ಅಭಿಪ್ರಾಯ ಈಗ ಬಲವಾಗುತ್ತಿದೆ. ಕಂಬಳಿ ಇದ್ದರೆ ಇನ್ನೊಂದು ಫಜೀತಿ. ಅದರೊಳಗಿನ ಎಲೆಕ್ಟ್ರಾನುಗಳಿಗೆ ಬಡಿದು ಬೆಳಕು ಚದುರಿದರೂ ಗೆರೆ ಅಗಲವಾಗುತ್ತದೆ. ಹಾಗಿದ್ದರೆ ನಾವು ಅಂದುಕೊಂಡ ತೂಕ ಹತ್ತು ಪಟ್ಟು, ಕೆಲವೆಡೆ ನೂರು ಪಟ್ಟು ಜಾಸ್ತಿಯಾಗಿರಬಹುದು ಅಂತ ಕೆಲವು ತಂಡಗಳು ವಾದಿಸುತ್ತಿವೆ. ಅಂದರೆ ಒಗಟಿನ ಒಂದಷ್ಟು ಭಾಗ ತಕ್ಕಡಿಯ ತಪ್ಪೇ ಇರಬಹುದು.

ಇದಕ್ಕೆ ಎದುರಾಗಿ ನಿಂತಿರುವ ಸಾಕ್ಷಿಯೂ ಇದೆ. ಅದೇ ಅಬೆಲ್ 2744ರ ಹಿಂದಿರುವ ಕ್ಯೂಎಸ್‌ಒ1 ಎಂಬ ಕೆಂಪು ಚುಕ್ಕೆಯಲ್ಲಿ, ಕೇಂದ್ರದಿಂದ ದೂರ ಹೋದಂತೆ ಅನಿಲದ ವೇಗ ಹೇಗೆ ಇಳಿಯುತ್ತದೆ ಅಂತ 2025ರಲ್ಲಿ ನೇರವಾಗಿ ಅಳೆದರು. ಸೂರ್ಯನ ಸುತ್ತ ಗ್ರಹಗಳು ಸುತ್ತುವಂತೆಯೇ ಅದು ಸುತ್ತುತ್ತಿತ್ತು. ಲೆಕ್ಕ ಹಾಕಿದರೆ ತೂಕ ಸುಮಾರು 5 ಕೋಟಿ ಸೂರ್ಯರು. ವಿಶ್ವಕ್ಕೆ ಆಗ ಸುಮಾರು 70 ಕೋಟಿ ವರ್ಷ. ಸುತ್ತಮುತ್ತ ಹೇಳಿಕೊಳ್ಳುವಂಥ ನಕ್ಷತ್ರಗಳೇ ಇಲ್ಲ. ಕೋಳಿ ಮೊದಲೋ ಮೊಟ್ಟೆ ಮೊದಲೋ ಅನ್ನುವಂತೆ, ಗ್ಯಾಲಕ್ಸಿ ಮೊದಲೋ ಕಪ್ಪುಕುಳಿ ಮೊದಲೋ ಅನ್ನುವ ಪ್ರಶ್ನೆಗೆ ಇಲ್ಲಿ ಕಪ್ಪುಕುಳಿಯೇ ಮುಂದೆ ಬಂದು ನಿಂತಂತಿದೆ.

ಅಣ್ಣ ಹೇಳಿದ 'ಇವತ್ತೊಂದು, ನಾಳೆ ಇನ್ನೊಂದು' ಇದೇ. ನಿಜ. ಆದರೆ ಗಮನಿಸಿ, ತಕ್ಕಡಿ ಸರಿಯಿಲ್ಲ ಅಂತ ಕೂಗಿದ್ದು ಯಾವುದೋ ಯೂಟ್ಯೂಬ್ ಚಾನೆಲ್ ಅಲ್ಲ. ಅದೇ ತಕ್ಕಡಿ ಹಿಡಿದು ಕೂತಿದ್ದ ವಿಜ್ಞಾನಿಗಳೇ. ತಮ್ಮ ಮಾತಿನ ಯಾವ ಭಾಗ ಗಟ್ಟಿ, ಯಾವ ಭಾಗ ಇನ್ನೂ ಹಸಿ ಅಂತ ಸಂಖ್ಯೆ ಹಾಕಿ ಹೇಳುವ ಅಭ್ಯಾಸ ನಮ್ಮ ಸಾರ್ವಜನಿಕ ಬದುಕಿನಲ್ಲಿ ಇನ್ಯಾರಿಗಿದೆ?

ಶರಾವತಿ ಹಿನ್ನೀರಿನ ಮೇಲೆ ತೇಲಿದ ಪ್ರಶ್ನೆ

ಇದೆಲ್ಲ ಅಮೆರಿಕ, ಯುರೋಪಿನ ಮಾತು, ನಮಗೇನು ಅಂತ ಅನ್ನಿಸಬಹುದು. ನಮ್ಮದೇ ಒಂದು ಕಥೆಯಿದೆ. ಅದು ನೇರವಾಗಿ ಕಪ್ಪುಕುಳಿ ಹುಡುಕುವ ಕೆಲಸವಲ್ಲ, ಆದರೆ ಬೀಜಗಳು ಮೊಳೆತ ಅದೇ ಕಾಲವನ್ನು ಕೆದಕುವ ಕೆಲಸ.

2018ರಲ್ಲಿ ಎಡ್ಜಸ್ ಎಂಬ ಅಮೆರಿಕದ ತಂಡ, ಮೊದಲ ನಕ್ಷತ್ರಗಳು ಬೆಳಗಿದ ಕಾಲದ ರೇಡಿಯೋ ಗುರುತು ಆಸ್ಟ್ರೇಲಿಯದ ಮರುಭೂಮಿಯಲ್ಲಿ ಸಿಕ್ಕಿತು ಅಂತ ಪ್ರಕಟಿಸಿತು. ಅದು ನಿರೀಕ್ಷೆಗಿಂತ ಎಷ್ಟು ಆಳವಾಗಿತ್ತೆಂದರೆ ಭೌತಶಾಸ್ತ್ರವನ್ನೇ ತಿದ್ದಬೇಕೇನೋ ಅನ್ನುವ ಚರ್ಚೆ ಶುರುವಾಯಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 'ಸರಸ್' ಎಂಬ ತಮ್ಮದೇ ಆಂಟೆನಾ ಕಟ್ಟಿದರು. ನೆಲದ ಮೇಲಿಟ್ಟರೆ ಮಣ್ಣಿನ ಪದರಗಳು ಸಂಕೇತವನ್ನು ಕೆಡಿಸುತ್ತವೆ ಅಂತ ಅದನ್ನು ನೀರಿನ ಮೇಲೆ ತೇಲಿಬಿಟ್ಟರು. 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲಿ, ಆಮೇಲೆ ಶರಾವತಿ ಹಿನ್ನೀರಿನಲ್ಲಿ. 2022ರಲ್ಲಿ ಫಲಿತಾಂಶ ಬಂತು: ಎಡ್ಜಸ್ ಕಂಡ ಗುರುತು ಇಲ್ಲಿ ಇಲ್ಲ, ಶೇ. 95ರಷ್ಟು ಖಾತ್ರಿ. ಅದೇ ವರ್ಷ ಅದೇ ದತ್ತಾಂಶದಿಂದ, ವಿಶ್ವಕ್ಕೆ 20 ಕೋಟಿ ವರ್ಷವಾಗಿದ್ದಾಗಿನ ಗ್ಯಾಲಕ್ಸಿಗಳು ರೇಡಿಯೋದಲ್ಲಿ ಎಷ್ಟು ಬೆಳಗಿರಬಹುದು ಅನ್ನುವುದಕ್ಕೂ ಒಂದು ಮಿತಿ ಹಾಕಿದರು. ಅಂಥ ರೇಡಿಯೋ ಬೆಳಕಿನ ಹಿಂದೆ ಸಾಮಾನ್ಯವಾಗಿ ಇರುವುದು ದೈತ್ಯ ಕಪ್ಪುಕುಳಿಯೇ.

'ಇಲ್ಲ' ಅನ್ನುವ ಫಲಿತಾಂಶಕ್ಕೆ ನಮ್ಮ ಟಿವಿಗಳಲ್ಲಿ ಬ್ರೇಕಿಂಗ್ ನ್ಯೂಸ್ ಆಗುವ ಯೋಗವಿಲ್ಲ. ಆದರೆ ಜಗತ್ತಿನ ಒಂದು ದೊಡ್ಡ ದಾವೆಯನ್ನು ಕರ್ನಾಟಕದ ನೀರಿನ ಮೇಲೆ ಒರೆಗೆ ಹಚ್ಚಿದ್ದು ಸಣ್ಣ ಸಂಗತಿಯಲ್ಲ.

ಉತ್ತರ ಯಾರ ಕೈಯಲ್ಲಿದೆ?

ನನ್ನ ಆತಂಕ ಇರುವುದು ಇಲ್ಲಿ. ಬೀಜದ ಪ್ರಶ್ನೆಗೆ ಉತ್ತರ ಸಿಗುವ ದಾರಿಗಳು ಈಗ ಸ್ಪಷ್ಟವಾಗಿವೆ. ಆ ದಾರಿಗಳನ್ನು ಮುಚ್ಚುವುದು ಮಾತ್ರ ತೀರಾ ಸುಲಭ.

ಚಂದ್ರಾ ದೂರದರ್ಶಕವನ್ನೇ ನೋಡಿ. ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರು ಹೊತ್ತು 1999ರಲ್ಲಿ ಮೇಲೆ ಹೋದದ್ದು. ಯುಎಚ್‌ಝಡ್1ರ ಎಕ್ಸ್-ರೇ ಹಿಡಿದ ಕಣ್ಣು ಇದೇ, ಎಲ್‌ಐಡಿ-568ನ್ನು ಮೊದಲು ತೋರಿಸಿಕೊಟ್ಟದ್ದೂ ಇದೇ. ಅಷ್ಟು ಚೂಪಾದ ಎಕ್ಸ್-ರೇ ಕಣ್ಣು ಬೇರೊಂದಿಲ್ಲ. ಯುಎಚ್‌ಝಡ್1 ಸುದ್ದಿಯಾಗಿ ನಾಲ್ಕೇ ತಿಂಗಳಿಗೆ, 2024ರ ಮಾರ್ಚ್‌ನಲ್ಲಿ, ಅದರ ವಾರ್ಷಿಕ ಬಜೆಟ್ಟನ್ನು ಸುಮಾರು 6.8 ಕೋಟಿ ಡಾಲರ್‌ನಿಂದ 4.1 ಕೋಟಿಗೆ ಇಳಿಸುವ ಪ್ರಸ್ತಾಪವನ್ನು ಅಮೆರಿಕ ಸರ್ಕಾರ ಮುಂದಿಟ್ಟಿತು. 2025ರಲ್ಲಿ ಬಂದ ಪ್ರಸ್ತಾಪ ನಾಸಾದ ಇಡೀ ವಿಜ್ಞಾನ ಬಜೆಟ್ಟನ್ನೇ ಅರ್ಧದಷ್ಟು ಕತ್ತರಿಸುವುದಾಗಿತ್ತು. ವಿಜ್ಞಾನಿಗಳು ಸಂಶೋಧನೆ ಬಿಟ್ಟು ಸಹಿ ಸಂಗ್ರಹಕ್ಕೆ ಇಳಿಯಬೇಕಾಯಿತು.

ಮುಂದಿನ ದೊಡ್ಡ ಭರವಸೆ ಲೀಸಾ. ಯುರೋಪಿನ ಬಾಹ್ಯಾಕಾಶ ಸಂಸ್ಥೆ 2024ರ ಜನವರಿಯಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು, 2035ರ ಹೊತ್ತಿಗೆ ಹಾರಿಸುವ ಯೋಜನೆ. ಒಂದರಿಂದೊಂದು 25 ಲಕ್ಷ ಕಿಲೋಮೀಟರ್ ದೂರದಲ್ಲಿ ತೇಲುವ ಮೂರು ನೌಕೆಗಳು ಗುರುತ್ವ ಅಲೆಗಳನ್ನು ಆಲಿಸುತ್ತವೆ. ಹತ್ತು ಸಾವಿರದಿಂದ ಕೋಟಿ ಸೂರ್ಯರ ತೂಕದ ಕಪ್ಪುಕುಳಿಗಳು ಎಳೆಯ ವಿಶ್ವದಲ್ಲಿ ಡಿಕ್ಕಿ ಹೊಡೆದ ಸದ್ದು ಅದಕ್ಕೆ ಕೇಳಿಸುತ್ತದೆ. ಡಿಕ್ಕಿಗಳು ಎಷ್ಟು, ಎಷ್ಟೆಷ್ಟು ತೂಕದವು ಅಂತ ಎಣಿಸಿದರೆ ಬೀಜ ಹಗುರವೋ ಭಾರವೋ ಅನ್ನುವುದು ಬಹುಮಟ್ಟಿಗೆ ತೀರ್ಮಾನವಾಗುತ್ತದೆ. ಗೆರೆಯ ಅಗಲದ ತಂಟೆ ಇಲ್ಲ, ಅನಿಲದ ಕಂಬಳಿಯ ಅಡ್ಡಿಯೂ ಇಲ್ಲ.

ನಮ್ಮಲ್ಲಿ? ಡಿಕ್ಕಿಯ ನಂತರ ಕಪ್ಪುಕುಳಿ ಗಂಟೆಯ ಹಾಗೆ ಹೇಗೆ ಮಿಡಿದು ತಣ್ಣಗಾಗುತ್ತದೆ ಅಂತ 1970ರಲ್ಲೇ ಲೆಕ್ಕ ಹಾಕಿ ತೋರಿಸಿದವರು ಬೆಂಗಳೂರಿನ ಸಿ.ವಿ. ವಿಶ್ವೇಶ್ವರ, ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರು. ಆ ಲೆಕ್ಕ ಯಂತ್ರದಲ್ಲಿ ಕೇಳಿಸಲು 2015ರವರೆಗೆ, ಅಂದರೆ 45 ವರ್ಷ, ಕಾಯಬೇಕಾಯಿತು. ಅಂಥವರ ನಾಡಿನಲ್ಲಿ ಲೈಗೋ-ಇಂಡಿಯಾಕ್ಕೆ 2016ರಲ್ಲಿ ತಾತ್ವಿಕ ಒಪ್ಪಿಗೆ ಸಿಕ್ಕರೂ, ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಕಟ್ಟಲು 2,600 ಕೋಟಿ ರೂಪಾಯಿಗೆ ಸಂಪುಟದ ಅಂತಿಮ ಮುದ್ರೆ ಬಿದ್ದದ್ದು 2023ರ ಏಪ್ರಿಲ್‌ನಲ್ಲಿ. ಏಳು ವರ್ಷ ಕಡತದಲ್ಲೇ ಹೋಯಿತು. ಸಂಶೋಧನೆಗೆ ನಾವು ಖರ್ಚು ಮಾಡುವುದು ಜಿಡಿಪಿಯ ಶೇ. 0.64ರ ಆಸುಪಾಸು. ಚಂದ್ರಯಾನ ಇಳಿದ ದಿನ ಪಟಾಕಿ ಹೊಡೆಯುವ ನಾವು, ಉತ್ತರ ಸಿಗಲು ಇಪ್ಪತ್ತು ವರ್ಷ ಹಿಡಿಯುವ ಪ್ರಶ್ನೆಗೆ ದುಡ್ಡು ಕೇಳಿದರೆ 'ಇದರಿಂದ ಏನುಪಯೋಗ' ಅನ್ನುತ್ತೇವೆ.

'ವಿಜ್ಞಾನಿಗಳಿಗೇ ಗೊತ್ತಿಲ್ಲ' ಅನ್ನುವ ತಲೆಬರಹ ಮಾಡುವ ಹಾನಿ ಇದು. ಅದನ್ನು ನಂಬಿದ ಜನ ಬಜೆಟ್ ಕತ್ತರಿಸಿದಾಗ ತುಟಿ ಬಿಚ್ಚುವುದಿಲ್ಲ. ಗೊತ್ತಿಲ್ಲದವರಿಗೆ ದುಡ್ಡು ಯಾಕೆ ಅನ್ನುವುದು ಅವರ ಲೆಕ್ಕ. ಗೊತ್ತಿಲ್ಲದ್ದಕ್ಕೇ ಅಲ್ಲವಾ ದುಡ್ಡು ಬೇಕಾಗಿರುವುದು?

ಹೊರಡುವ ದಿನ ಹುಡುಗಿ ಕೇಳಿದಳು: "ಚಿಕ್ಕಪ್ಪ, ಹಂಗಾದ್ರೆ ಆನ್ಸರ್ ಯಾವುದು? ಹಗುರದ್ದಾ, ಭಾರದ್ದಾ?" ನನಗೆ ಭಾರದ ಬೀಜದ ಕಡೆ ಒಲವು, ಆದರೆ ಎರಡೂ ಒಟ್ಟಿಗೆ ನಡೆದಿರಬಹುದು, ತಕ್ಕಡಿ ತಿದ್ದಿದ ಮೇಲೆ ನನ್ನ ಒಲವೂ ಬದಲಾಗಬಹುದು ಅಂದೆ. ಲೀಸಾ ಹಾರುವ ಹೊತ್ತಿಗೆ ಅವಳಿಗೆ ಇಪ್ಪತ್ತೈದು ದಾಟಿರುತ್ತದೆ. "ಆಗ ನೀನೇ ನನಗೆ ಹೇಳು" ಅಂದೆ. ಅಣ್ಣ ಪೇಪರು ಮಡಚಿಟ್ಟು, "ಆ ಬಡ್ಡಿ ಲೆಕ್ಕ ಏನೋ ಹೇಳ್ತಿದ್ದೆಯಲ್ಲ, ಇನ್ನೊಂದ್ಸಲ ಹೇಳು" ಅಂದ.